ಬೆಳಕಿಲ್ಲದ ಸೂರ್ಯ ಇದ್ನಾ? ಆರಿಯಸ್ ಎಬ್ಬಿಸಿದ ಜಗಳ

ಕಾನ್‌ಸ್ಟಂಟೈನ್ ಅನ್ನೋ ರೋಮನ್ ಚಕ್ರವರ್ತಿ 325ರಲ್ಲಿ ಈಗಿನ ಟರ್ಕಿಯಲ್ಲಿರೋ ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದು, ವೋಟ್ ಹಾಕ್ಸಿ ಯೇಸುವನ್ನ ದೇವರು ಮಾಡಿಬಿಟ್ಟ ಅಂತ ಒಂದು ಫಾರ್ವರ್ಡ್ ಆಗಾಗ ಬರ್ತಿರತ್ತೆ, ನೋಡಿದಾಗೆಲ್ಲ ತಲೆ ಚಚ್ಕೋಬೇಕು ಅನ್ಸತ್ತೆ. ಅಲ್ಲಿ ಸೇರಿದ್ದ ಎರಡೂ ಕಡೆಯವರು ಯೇಸುವನ್ನ ಆರಾಧಿಸ್ತಿದ್ದೋರೇ ಕಣ್ರೀ! ಅವರ ಪ್ರಶ್ನೆ ಇನ್ನೂ ಸೂಕ್ಷ್ಮ: ತಂದೆ (ಅಂದ್ರೆ ದೇವರು) ಇದ್ದು ಮಗ (ಅಂದ್ರೆ ಯೇಸು) ಇಲ್ಲದ ಸ್ಥಿತಿ ಯಾವತ್ತಾದ್ರೂ ಇತ್ತಾ?

ಇತ್ತು ಅಂದೋನು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್. (ಆರ್ಯರಿಗೂ ಇವನಿಗೂ ಏನೂ ಸಂಬಂಧ ಇಲ್ಲ, ಅದೊಂದು ಜಗಳ ಇಲ್ಲಿ ಬೇಡ.) ಅವನ ಲಾಜಿಕ್ ನೋಡಿ, ದೇವರು ಅಂದ್ರೆ ಯಾರಿಂದಲೂ ಹುಟ್ಟದೋನು, ಮಗ ಹುಟ್ಟಿದೋನು, ಹುಟ್ಟಿದ್ದಕ್ಕೆ ಆದಿ ಅಂತ ಇರ್ಲೇಬೇಕು, ಹಾಗಾಗಿ ಮಗ ಕಾಲಕ್ಕಿಂತ ಮುಂಚೆ ಆಗಿದ್ರೂ, ಲೋಕವೆಲ್ಲ ಅವನ ಮೂಲಕವೇ ಆಗಿದ್ರೂ, ಕೊನೆಗೆ ಅವನೂ ಸೃಷ್ಟಿಯೇ. ನಾವಿಕರು, ಹಿಟ್ಟು ಬೀಸೋರು ಹಾಡ್ಕೊಳ್ಳೋ ಹಾಗೆ ಇದನ್ನ ಪದ ಕಟ್ಟಿದ್ದ ಅಂತ ಮುಂದಿನ ಶತಮಾನದ ಚರ್ಚ್ ಇತಿಹಾಸಕಾರ ಫಿಲೋಸ್ಟೋರ್ಜಿಯಸ್ ಬರೀತಾನೆ. ದೇವತಾಶಾಸ್ತ್ರ ಬಂದರಿನ ಹಾಡಾಗೋದು ಅಂದ್ರೆ ಸುಮ್ನೆ ಮಾತಲ್ಲ.

ಇದಕ್ಕೆ ಬಂದ ಉತ್ತರ ಇದೆಯಲ್ಲ, ಅದು ನಂಗೆ ಭಾರಿ ಇಷ್ಟ. ಸೂರ್ಯನಿಂದ ಪ್ರಭೆ ಹುಟ್ಟತ್ತೆ ನಿಜ, ಆದ್ರೆ ಪ್ರಭೆ ಇಲ್ಲದ ಸೂರ್ಯ ಯಾವತ್ತಿದ್ದ? ಹುಟ್ಟಿದ್ದು ತಡವಾಗೇ ಬರಬೇಕು ಅಂತ ಏನಿದೆ? ಆರಿಯಸ್‌ನ ದೊಡ್ಡ ಎದುರಾಳಿ, ಆಮೇಲೆ ಅಲೆಕ್ಸಾಂಡ್ರಿಯಾದ ಬಿಷಪ್ ಆದ ಅಥನೇಸಿಯಸ್ ಈ ಹೋಲಿಕೆಯನ್ನ ಮತ್ತೆ ಮತ್ತೆ ತಂದ, ನೈಸಿಯಾದ ವಿಶ್ವಾಸ ಪ್ರಮಾಣದಲ್ಲೂ (ಸಭೆ ಒಪ್ಪಿದ ನಂಬಿಕೆಯ ಹೇಳಿಕೆ) ಮಗನನ್ನ ಬೆಳಕಿನಿಂದ ಬಂದ ಬೆಳಕು ಅಂತಲೇ ಕರೆದ್ರು.

ಈಗ ವಿಜ್ಞಾನ ಓದಿದೋರು ಎದ್ದು ನಿಲ್ತಾರೆ: ಬೆಳಕು ಸೂರ್ಯನಿಂದ ನಮ್ಮತ್ರ ಬರೋಕೆ 8 ನಿಮಿಷ 20 ಸೆಕೆಂಡ್ ಬೇಕು, ಹಾಗಾದ್ರೆ ಆರಿಯಸ್ಸೇ ಗೆದ್ದ ಅಂತ. ಸ್ವಲ್ಪ ತಡೀರಿ. ವಾದ ಇರೋದು ಬೆಳಕು ಭೂಮಿಗೆ ಯಾವಾಗ ಮುಟ್ತು ಅಂತಲ್ಲ, ಸೂರ್ಯ ಯಾವತ್ತಾದ್ರೂ ಕತ್ತಲಾಗಿದ್ನಾ ಅಂತ. ಸೂರ್ಯನ ಗರ್ಭದಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಹೊರಟ ಶಕ್ತಿ ಕಣದಿಂದ ಕಣಕ್ಕೆ ಬಡ್ಕೊಂಡು, ಹೀರ್ಕೊಂಡು, ಮತ್ತೆ ಹೊರಬಿದ್ದು, ದಿಕ್ಕು ತಪ್ಪಿ ಅಲೆದು ಮೇಲ್ಮೈಗೆ ಬರೋಕೆ ಹತ್ತಾರು ಸಾವಿರ ವರ್ಷ, ಕೆಲವರ ಲೆಕ್ಕದಲ್ಲಿ ಲಕ್ಷ ದಾಟತ್ತೆ. ಹಾಗಾದ್ರೆ ಮೊದಲ ಸಮ್ಮಿಳನ (ಹೈಡ್ರೋಜನ್ ಸೇರಿ ಹೀಲಿಯಂ ಆಗೋದು) ಆದಾಗ ಹೊರಗೆ ಕತ್ತಲೇ ಇತ್ತು ಅನ್ಬೇಕು ತಾನೇ? ಇಲ್ಲ! ಸಮ್ಮಿಳನ ಶುರುವಾಗೋಕೂ ಮುಂಚೆಯೇ, ಅನಿಲದ ಮೋಡ ತನ್ನ ಭಾರಕ್ಕೆ ತಾನೇ ಕುಸೀತಾ ಆ ಕುಸಿತದ ಕಾವಿಗೇ ಹೊಳೀತಿತ್ತು. ಸೂರ್ಯ ಅನ್ನಿಸ್ಕೊಳ್ಳೋಕೆ ಮುಂಚೆಯೇ ಪ್ರಭೆ ಇತ್ತು. ಪಾಪ ಅಥನೇಸಿಯಸ್, ಇದು ಗೊತ್ತಿದ್ರೆ ಕುಣಿದಾಡ್ತಿದ್ದ.

ಇಷ್ಟೆಲ್ಲಾ ಆದ್ಮೇಲೂ ಸಭೆಯಿಂದ ಜಗಳ ಮುಗೀಲಿಲ್ಲ. ಆರಿಯಸ್‌ನ ಗಡಿಪಾರು ಮಾಡಿದ್ರು, ಆಮೇಲೆ ಅದೇ ಚಕ್ರವರ್ತಿ ವಾಪಸ್ ಕರೆಸ್ಕೊಂಡ, 337ರಲ್ಲಿ ಸಾಯುವಾಗ ದೀಕ್ಷಾಸ್ನಾನ ಪಡೆದಿದ್ದೂ ಆರಿಯಸ್‌ನ ಹಳೇ ಬೆಂಬಲಿಗ, ನಿಕೊಮೀಡಿಯಾದ ಬಿಷಪ್ ಯೂಸಿಬಿಯಸ್ ಕೈಯಿಂದ. ಗೆದ್ದ ಕಡೆಯ ಅಥನೇಸಿಯಸ್ ಐದು ಸಲ ಗಡಿಪಾರಾದ. ಗೋಥ್ ಅನ್ನೋ ಜರ್ಮನಿಕ್ ಬುಡಕಟ್ಟಿನ ಜನ ಆರಿಯನ್ ಪಂಥದೋರಾಗೇ (ಆರಿಯಸ್‌ನ ಕಡೆಯೋರು) ಕ್ರೈಸ್ತರಾದ್ರು, ಸ್ಪೇನಿನ ಗೋಥ್ ರಾಜ ಆ ಪಂಥ ಬಿಟ್ಟಿದ್ದು 6ನೇ ಶತಮಾನದ ಕೊನೆಗೆ, 589ರಲ್ಲಿ ಟೊಲೆಡೋ ಸಭೆ ಅದಕ್ಕೆ ಮುದ್ರೆ ಒತ್ತಿತು.

ಇದೆಲ್ಲಾ ಹಳೇ ಕಥೆ ಅಂದ್ಕೊಂಡ್ರೆ, ನ್ಯೂಟನ್ ಇದ್ದಾನೆ. ಬೆಳಕು ಸೂರ್ಯನಿಂದ ಭೂಮಿಗೆ ಬರೋಕೆ 7-8 ನಿಮಿಷ ಬೇಕು ಅಂತ 1704ರ ಆಪ್ಟಿಕ್ಸ್ ಪುಸ್ತಕದಲ್ಲಿ ಬರೆದೋನು, ಒಳಗೊಳಗೇ ತ್ರಿತ್ವವನ್ನ, ಅಂದ್ರೆ ತಂದೆ, ಮಗ, ಪವಿತ್ರಾತ್ಮ ಮೂರೂ ಒಬ್ಬನೇ ದೇವರು ಅನ್ನೋದನ್ನ, ಒಪ್ಪದೋನು. ಅದೂ ಕೇಂಬ್ರಿಡ್ಜಿನ ಟ್ರಿನಿಟಿ (ಅಂದ್ರೆ ತ್ರಿತ್ವ!) ಕಾಲೇಜಲ್ಲಿ ಕೂತ್ಕೊಂಡು! ಅಲ್ಲಿ ಫೆಲೋ (ಕಾಲೇಜಿನ ಸದಸ್ಯ ವಿದ್ವಾಂಸ) ಆಗಿ ಉಳೀಬೇಕಂದ್ರೆ ಪಾದ್ರಿ ದೀಕ್ಷೆ ತಗೋಬೇಕಿತ್ತು, 1675ರಲ್ಲಿ ರಾಜನ ವಿನಾಯಿತಿ ಸಿಕ್ಕಿ ಬಚಾವಾದ. ಹೊರಗೆ ಗೊತ್ತಾದ್ರೆ ಕೆಲಸ ಹೋಗತ್ತೆ ಅಂತ ಬಾಯಿ ಬಿಡದೆ, ಅಥನೇಸಿಯಸ್‌ನ ಮೇಲೆ ಪುಟಗಟ್ಟಲೆ ಆರೋಪ ಬರೆದು ಇಟ್ಕೊಂಡಿದ್ದ. ಆ ಕಾಗದಗಳೆಲ್ಲ 1936ರಲ್ಲಿ ಲಂಡನ್‌ನಲ್ಲಿ ಹರಾಜಾದ್ವು, ಅದರಲ್ಲಿ ದೇವತಾಶಾಸ್ತ್ರದ ದೊಡ್ಡ ಕಟ್ಟು ಈಗ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.