ನೆಲಸಂಪಿಗೆಗೆ ಎಂಥ ನೆರಳು ಬೇಕು?

ಏಪ್ರಿಲ್ ತಿಂಗಳ ಸುಡುಬಿಸಿಲು. ಒಂದು ಎಲೆಯೂ ಇಲ್ಲದ ಬರಿ ಮಣ್ಣು. ಅದನ್ನು ಸೀಳಿಕೊಂಡು ನೆಲಮಟ್ಟದಲ್ಲೇ ನೆಲಸಂಪಿಗೆಯ ಹೂ ಅರಳುತ್ತದೆ. ಬಿಳಿ ಹೂ, ಕೆಳಗೆ ಎರಡಾಗಿ ಸೀಳಿದ ನೇರಳೆ ತುಟಿ. ಬಗ್ಗಿ ಮೂಸಿದರೆ ಒಳ್ಳೆಯ ಕಂಪು. ಒಂದೊಂದು ಹೂವಿನ ಆಯುಷ್ಯ ಒಂದು ದಿನ, ಹೆಚ್ಚೆಂದರೆ ಎರಡು. ಆದರೆ ಮೊಗ್ಗುಗಳು ಒಂದರ ಹಿಂದೆ ಒಂದು ಬರುವುದರಿಂದ ಕೆಲವು ವಾರ ಸಡಗರ ಇರುತ್ತದೆ. ಆಮೇಲೆ ಎಲೆ.

ಸಂಪಿಗೆ ಮರಕ್ಕೂ ಇದಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಇದು ಶುಂಠಿ, ಅರಿಶಿನದ ಬಳಗ. ವಿಜ್ಞಾನದ ಹೆಸರು ಕೆಂಫೇರಿಯಾ ರೊಟುಂಡಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಈ ಹೆಸರನ್ನು ಪ್ರಕಟಿಸಿದ. ಜಪಾನಿನವರೆಗೆ ಹೋಗಿ ಅಲ್ಲಿನ ಗಿಡಗಳ ಬಗ್ಗೆ ಬರೆದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಫರ್ ನೆನಪಿಗೆ ಇಟ್ಟದ್ದು. ಈ ಹೂವಿನಲ್ಲಿ ನಮ್ಮ ಕಣ್ಣಿಗೆ ಎಸಳಾಗಿ ಕಾಣುವ ಅಗಲ ಭಾಗಗಳು ಎಸಳೇ ಅಲ್ಲ, ರೂಪ ಬದಲಿಸಿದ ಕೇಸರಗಳು. ನಿಜವಾದ ಎಸಳು ಸಪೂರ ಪಟ್ಟಿಯಂತೆ ಹಿಂದೆ ಅಡಗಿರುತ್ತವೆ. ಪರಾಗ ಕೊಡುವ ಕೇಸರ ಉಳಿದಿರುವುದು ಒಂದೇ.

ನರ್ಸರಿಯಲ್ಲಿ ಕೇಳಿದರೆ 'ಇದು ನೆರಳಿನ ಗಿಡ' ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ಕುಂಡವನ್ನು ಹಾಲಿನ ಮೂಲೆಯಲ್ಲಿ, ಟಿವಿ ಪಕ್ಕ ಇಡುವವರು ಬಹಳ ಮಂದಿ. ಎರಡು ಮಳೆಗಾಲದೊಳಗೆ ಗಿಡ ಸೊರಗುತ್ತದೆ. ನಮ್ಮ ಕಣ್ಣು ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ, ಹಾಗಾಗಿ ಅದರ ಅಂದಾಜನ್ನು ನಂಬುವಂತಿಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ನಡುಹಗಲ ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಚೆನ್ನಾಗಿ ಬೆಳಕಿದೆ ಅನ್ನಿಸುವ ಹಾಲಿನ ಒಳಮೂಲೆಯಲ್ಲಿ ಅಳೆದರೆ ಸಿಗುವುದು ಕೆಲವು ನೂರು ಲಕ್ಸ್ ಅಷ್ಟೇ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಓಡಾಡಿ ನೋಡಿ, ದಂಗಾಗುತ್ತೀರಿ.

ಹಾಗಾದರೆ ಇದಕ್ಕೆ ಎಂಥ ನೆರಳು ಬೇಕು? ಧಾರವಾಡದಿಂದ ಪಡುವಣಕ್ಕೆ ಕಲಘಟಗಿ, ಅಳ್ನಾವರದ ಕಡೆ ಹೋದರೆ ಎಲೆ ಉದುರಿಸುವ ಕಾಡು ಸಿಗುತ್ತದೆ. ಸಾಗುವಾನಿ, ಮತ್ತಿ, ದಿಂಡಲ, ಹೊನ್ನೆ. ನೆಲಸಂಪಿಗೆಯಂಥ ಗಡ್ಡೆಗಿಡಗಳಿಗೆ ಒಗ್ಗುವುದು ಇಂಥ ಕಾಡಿನ ನೆಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮರಗಳು ಬೋಳು. ನೆಲದ ಮೇಲೆ ಬೇಕಾದಷ್ಟು ಬೆಳಕು. ಆದರೆ ಆಗ ಮಣ್ಣಿನಲ್ಲಿ ಹನಿ ನೀರಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ನೆಲ ತೊಯ್ಯುತ್ತದೆ. ಅಷ್ಟರಲ್ಲಿ ಮೇಲೆ ಎಲೆಯ ಚಪ್ಪರ ಕಟ್ಟಿರುತ್ತದೆ. ಬೆಳಕಿದ್ದಾಗ ನೀರಿಲ್ಲ, ನೀರಿದ್ದಾಗ ಬೆಳಕಿಲ್ಲ. ಯುರೋಪಿನ ಕಾಡುಗಳಲ್ಲಿ ಹೀಗಲ್ಲ. ಅಲ್ಲಿ ವಸಂತದಲ್ಲಿ ಮರ ಚಿಗುರುವ ಮೊದಲೇ ನೆಲದಲ್ಲಿ ತೇವವೂ ಇರುತ್ತದೆ, ಬೆಳಕೂ ಇರುತ್ತದೆ. ಅಲ್ಲಿನ ಎಷ್ಟೋ ಸಣ್ಣ ಗಿಡಗಳು ಆ ಕೆಲವೇ ವಾರಗಳಲ್ಲಿ ವರ್ಷದ ಗಳಿಕೆ ಮುಗಿಸಿ ಮಲಗುತ್ತವೆ. ನಮ್ಮ ನೆಲಸಂಪಿಗೆಗೆ ಆ ಅನುಕೂಲ ಇಲ್ಲ. ಅದು ನೀರಿನ ಕಾಲವನ್ನು ಹಿಡಿದುಕೊಂಡಿತು, ಜೊತೆಗೆ ಬಂದ ನೆರಳಿಗೆ ಒಗ್ಗಿಕೊಂಡಿತು. ಕತ್ತಲೆಯೆಂದರೆ ಅದಕ್ಕೆ ಪ್ರೀತಿ ಅಂತಲ್ಲ.

ಮರದ ನೆರಳೂ ಗೋಡೆಯ ನೆರಳೂ ಒಂದೇ ಅಲ್ಲ. ಎಲೆಗಳು ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ದೂರ-ಕೆಂಪು ಬೆಳಕನ್ನು ಕೆಳಗೆ ಬಿಡುತ್ತವೆ. ತಲೆಯ ಮೇಲೆ ಬೇರೆ ಗಿಡ ಇದೆಯೋ ಇಲ್ಲವೋ ಅನ್ನುವುದನ್ನು ಸಸ್ಯಗಳು ಮುಖ್ಯವಾಗಿ ಕೆಂಪು ಮತ್ತು ದೂರ-ಕೆಂಪು ಬೆಳಕಿನ ಅನುಪಾತದಿಂದ ತಿಳಿಯುತ್ತವೆ. ಅದರ ಜೊತೆಗೆ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಬೀಳುತ್ತವೆ, ಸರಿಯುತ್ತವೆ. ಒಂದು ಚುಕ್ಕೆ ಕೆಲವು ಸೆಕೆಂಡು ನಿಲ್ಲಬಹುದು, ಕೆಲವು ನಿಮಿಷ ನಿಲ್ಲಬಹುದು. ದಟ್ಟ ಕಾಡಿನ ಅಡಿಯಲ್ಲಿ ಬೆಳೆಯುವ ಗಿಡಗಳಿಗೆ ಇಡೀ ದಿನದ ಬೆಳಕಿನಲ್ಲಿ ದೊಡ್ಡ ಪಾಲು ಬರುವುದು ಈ ಚುಕ್ಕೆಗಳಿಂದಲೇ. ಹಾಗಾಗಿ ಮನೆಯಲ್ಲಾದರೆ ಮೂಡಣ ದಿಕ್ಕಿನ ಜಗುಲಿ ಬಹಳ ಒಳ್ಳೆಯದು. ಬೆಳಿಗ್ಗೆ ಒಂದೆರಡು ತಾಸು ಎಳೆಬಿಸಿಲು, ಆಮೇಲೆ ತೆರೆದ ಆಕಾಶದ ಬೆಳಕು ಸಾಕು. ಮಾವಿನ ಮರದ ಕೆಳಗೆ ಇಡುವುದಾದರೆ ಬುಡಕ್ಕೆ ಒತ್ತಿ ಬೇಡ, ಕೊಂಬೆಯ ಅಂಚಿಗೆ ಇಡಿ. ಮಾವು ವರ್ಷವಿಡೀ ಎಲೆ ಹೊತ್ತಿರುತ್ತದೆ, ಅದರ ಬುಡದಲ್ಲಿ ತೀರಾ ಕತ್ತಲೆ.

ಬಿಸಿಲಿಗೇ ಇಟ್ಟರೆ ಏನಾಗುತ್ತದೆ? ನೆರಳಿನಲ್ಲಿ ಬೆಳೆದ ಎಲೆ ತೆಳ್ಳಗೆ, ಅಗಲವಾಗಿ ಇರುತ್ತದೆ. ಸಿಕ್ಕ ಬೆಳಕನ್ನೆಲ್ಲ ಹಿಡಿಯುವ ಏರ್ಪಾಡು ಅದರದು. ಒಮ್ಮೆಲೇ ಮಧ್ಯಾಹ್ನದ ಬಿಸಿಲು ಬಿದ್ದರೆ ಹಿಡಿದ ಶಕ್ತಿಯನ್ನು ಬಳಸಿ ಮುಗಿಸಲಾಗುವುದಿಲ್ಲ. ಆ ಹೆಚ್ಚಿನ ಶಕ್ತಿ ದ್ಯುತಿಸಂಶ್ಲೇಷಣೆಯ ಯಂತ್ರವನ್ನೇ ಕೆಡಿಸುತ್ತದೆ. ಎಲೆ ಬಿಳಿಚಿಕೊಳ್ಳುತ್ತದೆ, ಅಂಚು ಸುಡುತ್ತದೆ.

ನೆಲಸಂಪಿಗೆಯ ಎಲೆಯನ್ನು ತಿರುಗಿಸಿ ನೋಡಿ. ಅಡಿಭಾಗ ನೇರಳೆ. ಈ ನೇರಳೆ ಬಣ್ಣ ಎಲೆಯನ್ನು ದಾಟಿ ಹೋಗುವ ಕೆಂಪು ಬೆಳಕನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ, ಗಿಡಕ್ಕೆ ಇನ್ನಷ್ಟು ಬೆಳಕು ಸಿಗುತ್ತದೆ ಅನ್ನುವ ವಿವರಣೆ ಬಹಳ ಕಾಲ ಓಡಾಡಿತು. ಕೇಳಲು ಚೆಂದ. ಆದರೆ ಕಾಡಿನ ಅಡಿಯ ಇಂಥ ಎಲೆಗಳ ಮೇಲೆ ಅಳೆದು ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬೆಂಬಲಿಸಲಿಲ್ಲ. ಫಕ್ಕನೆ ಬೀಳುವ ಬಿಸಿಲಿನ ಚುಕ್ಕೆಗಳಿಂದ ಎಲೆಯನ್ನು ಕಾಯುವುದು ಇದರ ಕೆಲಸ ಇರಬಹುದೆಂಬುದು ಇನ್ನೊಂದು ವಾದ. ಇಂಥ ಅಂದದ ವಿವರಣೆಗಳನ್ನು ಅಳೆದು ನೋಡದೆ ನಂಬಬಾರದು, ಅಲ್ವಾ?

ಈಗ ಮಣ್ಣಿನ ಕೆಳಗೆ. ಸಣ್ಣ ಗಡ್ಡೆಯಿಂದ ಬೇರುಗಳು ಹೊರಟು ತುದಿಯಲ್ಲಿ ಉಂಡೆ ಉಂಡೆಯಾಗಿ ಊದಿಕೊಂಡಿರುತ್ತವೆ. ಇವು ಗಿಡದ ಹಗೇವು, ಅಂದರೆ ನೆಲದಡಿಯ ಕಣಜ. ಮಳೆಗಾಲದ ನಾಲ್ಕೈದು ತಿಂಗಳು ಎಲೆ ದುಡಿದ ಪಿಷ್ಟವೆಲ್ಲ ಇಲ್ಲಿ ಸೇರುತ್ತದೆ. ಎಲೆಯೇ ಇಲ್ಲದ ಏಪ್ರಿಲ್‌ನಲ್ಲಿ ಹೂ ಬಿಡುವ ಖರ್ಚು ಹೊರಡುವುದು ಇಲ್ಲಿಂದಲೇ. ಅಂದರೆ ಈ ವರ್ಷ ಹೂ ಕಡಿಮೆ ಬಂತೆಂದು ಏಪ್ರಿಲ್‌ನಲ್ಲಿ ಗೊಬ್ಬರ ಸುರಿದು ಉಪಯೋಗವಿಲ್ಲ. ಅದು ಹೋದ ಮಳೆಗಾಲದ ಲೆಕ್ಕ. ಗೊಬ್ಬರ ಕೊಡುವ ಹೊತ್ತು ಜೂನ್‌ನಿಂದ ಸೆಪ್ಟೆಂಬರ್, ಎಲೆ ದುಡಿಯುತ್ತಿರುವಾಗ.

ಇಲ್ಲಿ ಹುಬ್ಬಳ್ಳಿಯವರಿಗೆ ಸ್ವಲ್ಪ ಕಷ್ಟ ಇದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಗ ಬಿಡುವುದಿಲ್ಲ. ಬೇರಿಗೆ ಗಾಳಿ ಸಿಗದೆ ಉಂಡೆಗಳು ಕೊಳೆಯುತ್ತವೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಬೇರು ಹರಿಯುತ್ತದೆ. ಸುಣ್ಣದ ಅಂಶವೂ ಜಾಸ್ತಿ, ಹಾಗಾಗಿ ಗಿಡಕ್ಕೆ ಕಬ್ಬಿಣ ಸಿಗದೆ ನರ ಮಾತ್ರ ಹಸಿರಾಗಿ ಉಳಿದು ಎಲೆ ಹಳದಿಯಾಗಬಹುದು. ಎರೆ ನೆಲದವರು ಸುಮ್ನೆ ಕುಂಡದಲ್ಲೇ ಬೆಳೆಸುವುದು ವಾಸಿ. ಧಾರವಾಡದ ಪಡುವಣ ಬದಿಯ ಮಸಾರಿ (ಕೆಂಪು) ಮಣ್ಣಿನವರು ನೆಲಕ್ಕೇ ಹಾಕಬಹುದು. ಕುಂಡಕ್ಕಾದರೆ ಮಸಾರಿ ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ದಪ್ಪ ಮರಳು ಸರಿಸುಮಾರು ಸಮ ಪಾಲು. ಕುಂಡ ಆಳಕ್ಕಿಂತ ಅಗಲ ಇರಲಿ, ತಳದಲ್ಲಿ ತೂತು ತೆರೆದಿರಲಿ.

ನೀರಿನ ವಿಷಯಕ್ಕೆ ನಮ್ಮ ರೈತರ ಮಳೆ ಲೆಕ್ಕವೇ ಒಳ್ಳೆಯ ಕ್ಯಾಲೆಂಡರ್. ಏಪ್ರಿಲ್‌ನಲ್ಲಿ ಅಶ್ವಿನಿ, ಆಮೇಲೆ ಭರಣಿ. ಈ ಅಡ್ಡಮಳೆಗಳ ಹೊತ್ತಿಗೆ ವಾರಕ್ಕೊಮ್ಮೆ ಹಗುರಾಗಿ ನೀರು ಕೊಟ್ಟರೆ ಸಾಕು. ರೋಹಿಣಿ ಮಳೆಯ ವೇಳೆಗೆ ಎಲೆ ಬಿಚ್ಚುತ್ತದೆ, ಆಗ ನೀರು ಹೆಚ್ಚಿಸಿ. ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಹಿಡಿದರೆ ಕೈಯಾರೆ ನೀರು ಹಾಕುವ ಕೆಲಸವೇ ಇಲ್ಲ. ಗದಗದ ಮಾತು ಬೇರೆ. ಅಲ್ಲಿ ಮಳೆ ಕಡಿಮೆ, ಗಾಳಿ ಜೋರು, ಎಲೆಯ ತೇವ ಬೇಗ ಆರುತ್ತದೆ. ಗಾಳಿಗೆ ಮರೆ ಮಾಡಿ, ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ದೀಪಾವಳಿ ಕಳೆದ ಮೇಲೆ ಎಲೆ ಹಳದಿಯಾಗತೊಡಗುತ್ತದೆ. ಗಾಬರಿಯಾಗಿ ಹೆಚ್ಚು ನೀರು ಹಾಕಬೇಡಿ. ಗಿಡ ಎಲೆಯ ಸಾರವನ್ನು ಕೆಳಗಿಳಿಸಿಕೊಳ್ಳುತ್ತಿರುತ್ತದೆ. ನೀರು ಕಡಿಮೆ ಮಾಡುತ್ತಾ ಬನ್ನಿ, ಎಲೆ ಪೂರ್ತಿ ಒಣಗಿದ ಮೇಲೆ ನಿಲ್ಲಿಸಿಬಿಡಿ. ಕುಂಡವನ್ನು ಮಳೆ ತಾಗದ ಕಡೆ ಸರಿಸಿ, ಮೇಲೊಂದು ಚೀಟಿ ಅಂಟಿಸಿ. ಖಾಲಿ ಕುಂಡ ಅಂತ ಮನೆಯಲ್ಲಿ ಯಾರಾದರೂ ಮಣ್ಣು ಚೆಲ್ಲಿ ಕೊತ್ತಂಬರಿ ಬಿತ್ತುವುದು ಹೊಸದೇನಲ್ಲ.

ಗಡ್ಡೆ ಬಿಡಿಸುವುದಾದರೆ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ. ಪ್ರತಿ ತುಂಡಿನಲ್ಲೂ ಒಂದು ಮೊಳಕೆಯ ಕಣ್ಣು ಇರಲೇಬೇಕು. ಬರಿ ಉಂಡೆಯನ್ನು ಮುರಿದು ನೆಟ್ಟರೆ ಚಿಗುರುವುದಿಲ್ಲ, ಅದು ಬೇರು, ಅದಕ್ಕೆ ಕಣ್ಣಿಲ್ಲ. ಕತ್ತರಿಸಿದ ಜಾಗ ಒಂದೆರಡು ದಿನ ನೆರಳಲ್ಲಿ ಆರಲಿ, ಆಮೇಲೆ ಬೆರಳಿನ ಎರಡು ಗೆಣ್ಣಿನ ಆಳಕ್ಕೆ ಹೂಳಿ. ಹಾನಗಲ್, ಶಿಗ್ಗಾಂವಿ ಕಡೆಯಿಂದ ಮಣ್ಣು ತರುವವರು ಶುಂಠಿ ಬೆಳೆದ ಹೊಲದ್ದನ್ನು ಮಾತ್ರ ಮುಟ್ಟಬೇಡಿ. ಶುಂಠಿಯ ಕೊಳೆರೋಗ, ಸೊರಗು ರೋಗದ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಉಳಿದಿರುತ್ತವೆ, ಇದು ಅದರದೇ ಬಳಗದ ಗಿಡ. ಕಾಡಿನಿಂದ ಕಿತ್ತು ತರುವುದೂ ಬೇಡ, ಪರಿಚಯದವರಲ್ಲಿ ಒಂದು ತುಂಡು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಬಸವನಹುಳು ಆರಿಸಿ ಹಾಕಿ. ಎಳೆ ಎಲೆಗಳನ್ನು ಒಂದೇ ರಾತ್ರಿಯಲ್ಲಿ ತೂತು ಮಾಡಿಬಿಡುತ್ತವೆ. ಆ ಎಲೆ ಹೋದರೆ ಮುಂದಿನ ಏಪ್ರಿಲ್‌ನ ಹೂವಿನಲ್ಲೂ ಅಷ್ಟು ಖೋತಾ.