94ಕ್ಕೇ ನಿಂತ ಇಂಟರ್‌ನೆಟ್: ಮನೆಯ ಬ್ರಾಡ್‌ಬ್ಯಾಂಡ್ ವೇಗದ ಟಿಪ್ಪಣಿ

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. 100 ಎಂಬಿಪಿಎಸ್ ಪ್ಲಾನ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಸುವಾಗ ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ ಹೆಚ್ಚೆಂದರೆ 12.5 ಬರುತ್ತದೆ. 11 ಅಂತ ಕಂಡರೆ ಯಾರೂ ಮೋಸ ಮಾಡಿಲ್ಲ.

ಡೇಟಾ ನಮ್ಮ ತನಕ ಬರುವ ದಾರಿ ಉದ್ದ: ದೂರದ ಸರ್ವರ್, ಕಂಪನಿಯ ಜಾಲ, ಬೀದಿಯ ಫೈಬರ್, ರೂಟರ್, ವೈಫೈ, ಕೊನೆಗೆ ಫೋನು. ಇದರಲ್ಲಿ ಯಾವ ತುಂಡು ತೀರಾ ಕಿರಿದೋ, ನಮಗೆ ಸಿಗುವುದು ಅದರ ವೇಗ.

ನನ್ನದೇ ಕಥೆ ಕೇಳಿ. 200 ಎಂಬಿಪಿಎಸ್ ಪ್ಲಾನ್ ಹಾಕಿಸಿದೆ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಅಳೆದರೆ ಬೆಳಿಗ್ಗೆ 94, ರಾತ್ರಿಯೂ 94. ಎರಡು ಸಲ ಸುಮ್ನೆ ದೂರು ಕೊಟ್ಟೆ. ತಪ್ಪು ನನ್ನ ಮೇಜಿನ ಕೆಳಗೇ ಇತ್ತು! ಜನಸಂದಣಿಯ ತೊಂದರೆಯಾದರೆ ಅಂಕಿ ಹೊತ್ತಿಗೆ ತಕ್ಕಂತೆ ಏರಿಳಿಯಬೇಕು ಅಲ್ವಾ? 94ರ ಹತ್ತಿರ ಅಲುಗಾಡದೆ ನಿಂತರೆ ನಡುವೆ ಎಲ್ಲೋ 100 ಎಂಬಿಪಿಎಸ್‌ ಮಿತಿಯ ಈಥರ್‌ನೆಟ್ (ಕೇಬಲ್ ಸಂಪರ್ಕ) ಕೂತಿದೆ ಅಂತ ಅನುಮಾನಿಸಿ. ಉಳಿದ ಐದಾರು ಪ್ಯಾಕೆಟ್‌ಗಳ (ಡೇಟಾದ ಚಿಕ್ಕ ಕಟ್ಟುಗಳ) ವಿಳಾಸ, ನಡುವಿನ ಬಿಡುವು ಇಂಥವಕ್ಕೇ ಖರ್ಚಾಗುತ್ತದೆ. ಹಳೇ ರೂಟರಿನ ಪೋರ್ಟ್ ಹೀಗೆ ಮಾಡುತ್ತದೆ, ಕೇಬಲ್ಲೂ ಮಾಡುತ್ತದೆ. ಗಿಗಾಬಿಟ್ ವೇಗಕ್ಕೆ (1000 ಎಂಬಿಪಿಎಸ್) ಕೇಬಲ್ಲಿನ 4 ಜೊತೆ ತಂತಿಯೂ ಬೇಕು, 100ಕ್ಕೆ 2 ಜೊತೆ ಸಾಕು. ನನ್ನ ಕೇಬಲ್ಲಿನಲ್ಲಿ ಒಂದು ತಂತಿ ಕನೆಕ್ಟರಿಗೆ ಸರಿಯಾಗಿ ತಾಗಿರಲಿಲ್ಲ. ಕೇಬಲ್ ಬದಲಿಸಿದೆ, ಮುಗಿಯಿತು.

ಕೇಬಲ್ ಹಾಕಿದಾಗ ಸರಿ ಇದ್ದು ಫೋನಿನಲ್ಲಿ ನಿಧಾನವಾದರೆ ವೈಫೈ ಕಡೆ ನೋಡಿ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ರೇಡಿಯೋ ಅಲೆಪಟ್ಟಿಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಜ್ ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಒಂದಕ್ಕೊಂದು ಡಿಕ್ಕಿ ಹೊಡೆಯದ ಚಾನೆಲ್ ಅದರಲ್ಲಿ ಮೂರೇ: 1, 6, 11. ಅಪಾರ್ಟ್‌ಮೆಂಟಿನ ಮನೆಗಳೆಲ್ಲ ಆ ಮೂರಕ್ಕೇ ಮುಗಿಬೀಳುತ್ತವೆ. ಮೈಕ್ರೋವೇವ್ ಓವನ್ ಗದ್ದಲವೂ ಅಲ್ಲೇ. 5 ಗಿಗಾಹರ್ಟ್ಜ್‌ನಲ್ಲಿ ವೇಗ ಜಾಸ್ತಿ, ಕಾಂಕ್ರೀಟ್ ಗೋಡೆ ಸಿಕ್ಕರೆ ಸೋಲುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ. ಇನ್ನೊಂದು ವಿಚಾರ: ವೈಫೈನಲ್ಲಿ ಉಪಕರಣಗಳು ಸರದಿಯಂತೆ ಮಾತಾಡುತ್ತವೆ. ಮೂಲೆ ಕೋಣೆಯ ಹಳೇ ಫೋನು ನಿಧಾನವಾಗಿ ಮಾತಾಡಿ ಎಲ್ಲರ ಸಮಯ ತಿನ್ನುತ್ತದೆ.

ಸಂಜೆ ಮಾತ್ರ ನಿಧಾನವೇ? ಆಗ ಕಂಪನಿಯನ್ನು ಕೇಳಬಹುದು. ಜಿಪಾನ್ ಫೈಬರಿನಲ್ಲಿ (ಒಂದೇ ಫೈಬರನ್ನು ಹಲವು ಮನೆಗಳಿಗೆ ಕವಲೊಡೆಸುವ ವ್ಯವಸ್ಥೆ) ಸುಮಾರು 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದು ಸಾಮಾನ್ಯ. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆ ಇದು. ತಿಂಗಳ ಕೊನೆಗೆ ಮಾತ್ರ ನಿಧಾನವಾದರೆ ಎಫ್‌ಯುಪಿ ಮಿತಿ (ಇಷ್ಟು ಡೇಟಾ ಬಳಸಿದ ಮೇಲೆ ವೇಗ ಇಳಿಸುವ ನಿಯಮ) ನೋಡಿ.

ಸ್ಪೀಡ್ ಟೆಸ್ಟ್ ಚೆನ್ನಾಗಿದ್ದೂ ಅಮೆರಿಕದಲ್ಲಿರುವ ಮಗಳ ಜೊತೆ ಮಾತು ತಡವಾಗಿ ಕೇಳಿಸುತ್ತದೆಯೇ? ಟೆಸ್ಟ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು 140 ಮಿಲಿಸೆಕೆಂಡ್. ಕೇಬಲ್ಲುಗಳು ಸುತ್ತಿ ಹೋಗುವುದರಿಂದ ನಿಜದಲ್ಲಿ ಇನ್ನೂ ಜಾಸ್ತಿ. 500 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಈ 140 ಇಳಿಯುವುದಿಲ್ಲ.