ಹಸಿ ಇಟ್ಟಿಗೆಯನ್ನು ಹಿಡಿದಿಟ್ಟಿರುವುದು ಏನು?

ಕೆಮ್ಮಣ್ಣಿಗೆ ನೀರು ಹಾಕಿ ತುಳಿದು, ಮರದ ಅಚ್ಚಿನಲ್ಲಿ ತುಂಬಿ, ಒಣಗಿಸಿದರೆ ಇಟ್ಟಿಗೆ ತಯಾರು. ಸುಡುವುದಿಲ್ಲ, ಸಿಮೆಂಟೂ ಹಾಕುವುದಿಲ್ಲ. ಹಾಗಾದರೆ ಆ ಮಣ್ಣನ್ನು ಹಿಡಿದಿಡುವ ಅಂಟು ಯಾವುದು?

ಜೇಡಿ, ಅದರ ಜೊತೆಗೆ ನೀರು. ಜೇಡಿಯ ಕಣಗಳು ಮರಳಿನ ಹಾಗೆ ಗುಂಡಗಿರುವುದಿಲ್ಲ. ಮಿಲಿಮೀಟರಿನ 500ರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದಾದ ಚಪ್ಪಟೆ ಬಿಲ್ಲೆಗಳು ಅವು. ಹಸಿಯಿದ್ದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಕಲಸಿದ ಮಣ್ಣು ಕೈ ಹೇಳಿದಂತೆ ಕೇಳುತ್ತದೆ. ಒಣಗುತ್ತಾ ಬಂದಂತೆ ಉಳಿದ ನೀರು ಸಣ್ಣ ಸಂದುಗಳಲ್ಲಿ ನಿಂತು, ಕಣಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಎರಡು ಗಾಜಿನ ಬಿಲ್ಲೆಗಳ ನಡುವೆ ಒಂದು ಹನಿ ನೀರು ಬಿಟ್ಟು ಬಿಡಿಸಲು ನೋಡಿ. ಅದೇ ಹಿಡಿತ! ಪೂರ್ತಿ ಒಣಗಿದೆ ಅನ್ನಿಸುವ ಗೋಡೆಯಲ್ಲೂ ತುಸು ತೇವ ಇದ್ದೇ ಇರುತ್ತದೆ.

ಹಾಗಂತ ಜೇಡಿ ಜಾಸ್ತಿಯಾದರೆ ಕಷ್ಟ. ನೀರು ಹೋದಷ್ಟೂ ಅದು ಕುಗ್ಗುತ್ತದೆ, ಇಟ್ಟಿಗೆ ಬಿರಿಯುತ್ತದೆ. ಕುಗ್ಗದ ಮರಳು ಎಲುಬಿನ ಹಾಗೆ ಒಳಗಿರಬೇಕು. ಇದನ್ನು ತಿಳಿಯಲು ನನಗೆ ತುಂಬ ಇಷ್ಟವಾದ ಒಂದು ಪರೀಕ್ಷೆಯಿದೆ. ಕಲ್ಲು ಆರಿಸಿದ ಮಣ್ಣನ್ನು ನಾದಿ, ಮೂರು ಸೆಂಟಿಮೀಟರ್ ದಪ್ಪಕ್ಕೆ ಉದ್ದಕ್ಕೆ ಹೊಸೆಯಿರಿ. ಮೇಜಿನ ಅಂಚಿನಿಂದ ಮೆಲ್ಲಗೆ ಹೊರಗೆ ತಳ್ಳುತ್ತಾ ಹೋಗಿ. 5 ಸೆಂಟಿಮೀಟರ್ ಆಗುವ ಮೊದಲೇ ಮುರಿದು ಬಿದ್ದರೆ ಮರಳು ಜಾಸ್ತಿ. 15 ದಾಟಿಯೂ ಜೋತಾಡುತ್ತಿದ್ದರೆ ಜೇಡಿ ಜಾಸ್ತಿ, ಮರಳು ಬೆರೆಸಬೇಕು. ನಡುವೆ ಮುರಿದರೆ ಹದ ಸರಿಯಿದೆ.

ಎರೆಮಣ್ಣು ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಜೇಡಿಯಲ್ಲಿ ನೀರು ಪದರಗಳ ಒಳಕ್ಕೇ ನುಗ್ಗಿ ಉಬ್ಬಿಸುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ, ನೋಡಿದ್ದೀರಲ್ವಾ? ಕೆಮ್ಮಣ್ಣಿನ ಜೇಡಿಯಲ್ಲಿ ಪದರಗಳು ಬಿಗಿಯಾಗಿರುತ್ತವೆ.

ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕುವುದು ಬಿರುಕನ್ನು ಹಂಚುವುದಕ್ಕೆ. ಒಂದು ದೊಡ್ಡ ಸೀಳಿನ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ಒಣಗಿಸುವಾಗಲೂ ಆತುರ ಬೇಡ. ಉರಿಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಕುಗ್ಗುತ್ತದೆ, ಒಳಗಿನ್ನೂ ಹಸಿ. ಆ ಎಳೆದಾಟದಲ್ಲೇ ಇಟ್ಟಿಗೆ ಒಡೆಯುತ್ತದೆ. ಮೊದಲೆರಡು ದಿನ ನೆರಳು, ಆಮೇಲೆ ಮಗ್ಗುಲಿಗೆ ನಿಲ್ಲಿಸಿ ಮೂರ್ನಾಲ್ಕು ವಾರ.

ಕಟ್ಟಿಕೊಟ್ಟ ನೀರೇ ಕೆಡವಲೂಬಲ್ಲದು. ಒಣ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿ, ಗುಳ್ಳೆ ಬಿಡುತ್ತಾ ಅಂಚಿನಿಂದ ಕರಗತೊಡಗುತ್ತದೆ. ಹಾಗಾಗಿಯೇ ಕಲ್ಲಿನ ತಳಪಾಯ, ಮುಂದಕ್ಕೆ ಚಾಚಿದ ಸೂರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬೆಳೆಸಿದ್ದೂ ಈ ಕಾರಣಕ್ಕೆ.

ಆದರೆ ಬರೀ ಮಣ್ಣಿನ ಇಟ್ಟಿಗೆಗೆ ಇನ್ನೊಂದು ಗುಣವಿದೆ. ಬಿದ್ದ ಹಳೆ ಗೋಡೆಯನ್ನು ನೆನೆಹಾಕಿ, ತುಳಿದು, ಮತ್ತೆ ಅಚ್ಚಿಗೆ ತುಂಬಬಹುದು. ಗೂಡಿನಲ್ಲಿ ಬೆಂದ ಇಟ್ಟಿಗೆ ಹಾಗಲ್ಲ. ಶಾಖ 500 ಡಿಗ್ರಿ ದಾಟಿ ಏರುತ್ತಿದ್ದಂತೆ ಜೇಡಿಯ ಹರಳಿನೊಳಗೇ ಸೇರಿದ್ದ ನೀರಿನಂಶ ಹೊರಬಿದ್ದು, ಅದರ ಕಟ್ಟೇ ಬದಲಾಗಿಬಿಡುತ್ತದೆ. ಆಮೇಲೆ ವರ್ಷಗಟ್ಟಲೆ ನೆನೆಸಿದರೂ ಅದು ಕೆಸರಾಗುವುದಿಲ್ಲ.